ಕೀಳದೆ ಬಿಟ್ಟ ಐವತ್ತನೇ ಗಿಡ

"ಕೀಳಬ್ಯಾಡಿ."

ಸರ್ವಮಂಗಳಳ ಕೈಯಲ್ಲಿದ್ದ ಚಾಕು ಅಲ್ಲೇ ನಿಂತಿತು.

ಎರಡೂವರೆ ವರ್ಷ ಒಂದೇ ಲ್ಯಾಬಿನಲ್ಲಿ ಕೂತು ಬಿ.ಎಸ್ಸಿ. ಓದಿದ್ದರೂ ಆ ಹುಡುಗ ಅವಳ ಜೊತೆ ಆಡಿದ ಮೊದಲ ಮಾತು ಅದು! ಹುಡುಗಿಯರಿಗೆ ಮುಂದಿನ ಬೆಂಚು, ಹುಡುಗರಿಗೆ ಹಿಂದಿನದು. 1971ರ ಮೈಸೂರಿನಲ್ಲಿ ನಡುವಿನ ಆ ಮೂರಡಿ ಜಾಗ ದಾಟುವ ಧೈರ್ಯ ಯಾರಿಗಿತ್ತು?

ಹುಡುಗನ ಹೆಸರು ಚಿಕ್ಕಬೊಮ್ಮ. ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಬುಡಕಟ್ಟು ಹಾಡಿಯವನು. ಆ ಹಾಡಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ. ಬಾಟನಿ ಲೆಕ್ಚರರ್ ಲಿಂಗಣ್ಣನವರು ಗಿಡ ಸಂಗ್ರಹಕ್ಕೆಂದು ಇಡೀ ತರಗತಿಯನ್ನು ಬಸ್ಸಿನಲ್ಲಿ ಕರೆತಂದದ್ದು ಅವನ ಹಾಡಿಯ ಪಕ್ಕದ ಜೌಗು ನೆಲಕ್ಕೇ.

ಪರೀಕ್ಷೆಗೆ ಐವತ್ತು ಗಿಡಗಳ ಹರ್ಬೇರಿಯಂ ಒಪ್ಪಿಸಬೇಕು. ಗಿಡವನ್ನು ಬೇರು ಸಮೇತ ಕಿತ್ತು, ಹಳೇ ಪೇಪರಿನ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಕೆಳಗೆ ಚೀಟಿ ಬರೆಯಬೇಕು. ಕೀಟ ತಿನ್ನುವ ಗಿಡ ತಂದವರಿಗೆ ಹರ್ಬೇರಿಯಂನ ಪೂರ್ತಿ ಅಂಕ ಎಂದು ಲಿಂಗಣ್ಣನವರು ಬಸ್ಸಿನಲ್ಲೇ ಆಸೆ ಹುಟ್ಟಿಸಿದ್ದರು.

ಆ ಗಿಡ ಈಗ ಅವಳ ಕಣ್ಣೆದುರಿಗಿತ್ತು. ಡ್ರಾಸೆರಾ! ಎಂಟಾಣೆ ನಾಣ್ಯದಷ್ಟಗಲ, ನೆಲಕ್ಕೆ ಅಂಟಿಕೊಂಡಂತೆ. ಕೆಂಪು ಎಲೆಗಳ ತುಂಬ ಸಣ್ಣ ಕೂದಲು, ಪ್ರತಿ ಕೂದಲ ತುದಿಯಲ್ಲೂ ಒಂದೊಂದು ಹನಿ. ನೆತ್ತಿಯ ಮೇಲೆ ಬಿಸಿಲಿದ್ದರೂ ಆ ಹನಿಗಳು ಆರಿರಲಿಲ್ಲ. ಒಂದು ಪುಟ್ಟ ಸೊಳ್ಳೆ ಬಂದು ಕೂತಿತು. ಏಳಲು ಹೋಯಿತು, ಆಗಲಿಲ್ಲ. ಅವಳು ನೋಡನೋಡುತ್ತಿದ್ದಂತೆಯೇ ಅಂಚಿನ ಕೂದಲುಗಳು ಬಾಗಿ ಅದನ್ನು ಒಳಕ್ಕೆ ತಬ್ಬಿಕೊಂಡವು.

ಗಿಡ ಅಲುಗಿತು... ಗಾಳಿಯಿಲ್ಲದೆ, ತಾನಾಗಿಯೇ! ಹುಟ್ಟಿದಾಗಿನಿಂದ ತನ್ನೂರು ಭೇರ್ಯದ ಗದ್ದೆಯಲ್ಲಿ ಹಸಿರಿನ ನಡುವೆಯೇ ಬೆಳೆದವಳಿಗೆ, ತಾನು ಇಷ್ಟು ದಿನ ಏನನ್ನೂ ನೋಡಿಯೇ ಇರಲಿಲ್ಲವೇನೋ ಎನ್ನಿಸಿತು. ಅವಳ ಕಣ್ಣು ತುಂಬಿ ಬಂತು.

ಕಣ್ಣೊರೆಸಿಕೊಂಡು ಬೇರಿನ ಸುತ್ತ ಅರ್ಧ ಅಗೆದಿದ್ದಳಷ್ಟೆ, ಆಗ ಬಂತು ಈ "ಕೀಳಬ್ಯಾಡಿ"!

"ಯಾಕೆ? ನಿಮಗೆ ಬೇಕಾ?" ಎಂದಳು.

ಅಷ್ಟರಲ್ಲಿ ಲಿಂಗಣ್ಣನವರು ಸೀಟಿ ಊದಿದರು. ಎಲ್ಲರೂ ಬಸ್ಸಿನತ್ತ ಓಡಿದರು. ತಿರುಗಿ ನೋಡಿದರೆ, ಅವಳು ಅರ್ಧ ಅಗೆದ ಜಾಗದಲ್ಲಿ ಚಿಕ್ಕಬೊಮ್ಮ ಮಂಡಿಯೂರಿ ಕೂತಿದ್ದ. ಬಸ್ಸಿಗೆ ಕೊನೆಯವನಾಗಿ ಬಂದ. ಎರಡು ಕೈಗೂ ಹಸಿ ಮಣ್ಣು, ಗಿಡ ತುಂಬುವ ತಗಡಿನ ಡಬ್ಬ ಭದ್ರವಾಗಿ ಮುಚ್ಚಿತ್ತು.

ಕಿತ್ತುಕೊಂಡ! ನಾನು ಕಂಡದ್ದನ್ನು ಕಿತ್ತುಕೊಂಡ...

ಕೋಪದಲ್ಲಿ ನಮ್ಮ ಸರ್ವಮಂಗಳ ಕಮ್ಮಿಯವಳೇನಲ್ಲ. ಅಂಕ ಹೋದದ್ದಕ್ಕಿಂತ, ತನಗೊಬ್ಬಳಿಗೇ ಕಂಡ ಆ ಬೆರಗನ್ನು ಇನ್ನೊಬ್ಬನು ಡಬ್ಬಕ್ಕೆ ತುಂಬಿಕೊಂಡನಲ್ಲ ಎಂಬ ಉರಿ ಅವಳಿಗೆ ಹೆಚ್ಚಾಗಿತ್ತು. ಮಾರನೇ ದಿನ ಲ್ಯಾಬಿನಲ್ಲಿ ಗೆಳತಿಯರೊಂದಿಗೆ ಮಾತಾಡುತ್ತಾ, ಹಿಂದಿನ ಬೆಂಚಿಗೆ ಕೇಳಲೆಂದೇ ದನಿ ಎತ್ತರಿಸಿದಳು.

"ಕಾಡಿನೋರಿಗೆ ಕಾಡಲ್ಲಿರೋದೆಲ್ಲ ತಮ್ಮದೇ ಅನ್ಸುತ್ತೆ. ಕೇಳೋದು, ಬಿಡೋದು ಏನೂ ಗೊತ್ತಿಲ್ಲ."

ಹಿಂದಿನ ಬೆಂಚಿನಲ್ಲಿ ಚಿಕ್ಕಬೊಮ್ಮನ ಪೆನ್ಸಿಲ್ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬರೆಯತೊಡಗಿತು.

ಏಪ್ರಿಲ್‌ನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಮುಗಿಯಿತು. ಹರ್ಬೇರಿಯಂಗಳನ್ನು ಲ್ಯಾಬಿನ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ಸರ್ವಮಂಗಳ ತುಂಬೆ ಗಿಡವನ್ನು ಐವತ್ತನೆಯದಾಗಿ ಅಂಟಿಸಿ ಒಪ್ಪಿಸಿದ್ದಳು. ತನ್ನದನ್ನು ಎತ್ತಿಕೊಳ್ಳಲು ಬಂದವಳಿಗೆ ಚಿಕ್ಕಬೊಮ್ಮನ ಕಟ್ಟು ಕಣ್ಣಿಗೆ ಬಿತ್ತು. ಅವನು ಆಗಲೇ ಎಚ್.ಡಿ. ಕೋಟೆ ಬಸ್ಸು ಹತ್ತಿ ಊರಿಗೆ ಹೋಗಿದ್ದ. ಕದ್ದ ಗಿಡದ ಮುಖವನ್ನಾದರೂ ಒಮ್ಮೆ ನೋಡೋಣ ಎಂದು ಕೊನೆಯ ಹಾಳೆ ತಿರುವಿದಳು.

ಹಾಳೆಯಲ್ಲಿ ಗಿಡವೇ ಇರಲಿಲ್ಲ.

ಪೆನ್ಸಿಲಿನಲ್ಲಿ ಬರೆದ ಚಿತ್ರವಿತ್ತು. ಒಂದೊಂದು ಕೂದಲೂ, ಒಂದೊಂದು ಹನಿಯೂ, ಒಳಗೆ ಸಿಕ್ಕಿಬಿದ್ದ ಆ ಪುಟ್ಟ ಸೊಳ್ಳೆಯೂ ಇತ್ತು. ಅದರ ಮೇಲೆ ಪರೀಕ್ಷಕರು ಕೆಂಪು ಗೆರೆ ಎಳೆದು ಸೊನ್ನೆ ಹಾಕಿದ್ದರು. ಕೆಳಗಿನ ಚೀಟಿಯನ್ನು ಅವನು ಇಂಗ್ಲಿಷಿನಲ್ಲಿ ತುಂಬಿದ್ದ. ಅದರ ಅರ್ಥ ಇಷ್ಟು:

ಒಂದೇ ಗಿಡ ಕಂಡಿತು. ಕಿತ್ತಿಲ್ಲ. ಸಂಗ್ರಹಿಸಿದವರು: ಯಾರೂ ಇಲ್ಲ. ಮೊದಲು ಕಂಡವರು: ಸಿ. ಸರ್ವಮಂಗಳ.

ಅವಳು ಚೀಟಿಯನ್ನು ಮತ್ತೊಮ್ಮೆ ಓದಿದಳು. ಹಾಗಾದರೆ ಅವನ ಕೈಯ ಮಣ್ಣು... ಗಿಡ ಕಿತ್ತ ಮಣ್ಣಲ್ಲ, ನಾನು ಅಗೆದ ಗುಂಡಿ ಮುಚ್ಚಿದ ಮಣ್ಣು! ಆಡಿದ ಮಾತು ನೆನಪಾಗಿ ಮೈಯೆಲ್ಲ ಉರಿಯಿತು. ಅಂಥ ಮಾತು ಕೇಳಿದ ಮೇಲೂ ಅವನು ನನ್ನ ಹೆಸರು ಬರೆದಿದ್ದನಲ್ಲ! ಲಿಂಗಣ್ಣನವರನ್ನು ಕೇಳಿ ಆ ಹಾಳೆಯನ್ನು ಇಸಿದುಕೊಂಡು ಹೋದಳು.

ಜೂನ್‌ನಲ್ಲಿ ಫಲಿತಾಂಶ ಬಂತು. ಚಿಕ್ಕಬೊಮ್ಮನಿಗೆ ಎರಡು ಅಂಕದಲ್ಲಿ ಫಸ್ಟ್ ಕ್ಲಾಸ್ ತಪ್ಪಿತ್ತು. ಎಂ.ಎಸ್ಸಿ. ಸೀಟೂ ಅದರೊಂದಿಗೆ ಹೋಯಿತು. ಅವನು ಹಾಡಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾನೆಂದು ಯಾರೋ ಹೇಳಿದರು.

ಅವನಿಗೆ ಮುಖ ತೋರಿಸದೆ ಇರಲೂ ಆಗದು, ತೋರಿಸಲೂ ಆಗದು. ಕೊನೆಗೆ ಅವಳು, ಯಾರೂ ಹೋಗಲೊಪ್ಪದಿದ್ದ ಕೋಟೆ ಹೈಸ್ಕೂಲಿನ ಸೈನ್ಸ್ ಟೀಚರ್ ಕೆಲಸವನ್ನು ಕೇಳಿ ಪಡೆದಳು. ಅಪ್ಪ ಚೆಲುವಯ್ಯ ಗದ್ದೆಯ ಬದುವಿನ ಮೇಲೇ ಕೂತುಬಿಟ್ಟ. "ಅಲ್ಲಿ ಆನೆ ಬತ್ತವಂತೆ ಕಣ್ ಮಗ" ಎಂದ. ಆನೆಗಿಂತ ಹೆದರಿಕೆಯಾಗುತ್ತಿದ್ದದ್ದು ಅವಳಿಗೆ ಬೇರೆಯೇ ಇತ್ತು.

ನವೆಂಬರಿನ ಒಂದು ಭಾನುವಾರ ಧೈರ್ಯ ಮಾಡಿ ಹಾಡಿಯ ಕಡೆ ಹೊರಟಳು. ದಾರಿಯಲ್ಲಿ ಒಬ್ಬ ಹೆಂಗಸು ಕಾಡುಗೆಣಸು ಅಗೆಯುತ್ತಿದ್ದಳು. ಗೆಣಸನ್ನು ಮೇಲೆತ್ತಿ, ಬಳ್ಳಿ ಅಂಟಿದ್ದ ತಲೆಭಾಗವನ್ನು ಮುರಿದು ಮತ್ತೆ ಅದೇ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚಿದಳು. ಯಾಕವ್ವ ಎಂದು ಕೇಳಿದರೆ, ಬರೋ ವರ್ಷಕ್ಕೆ ಬ್ಯಾಡವಾ ಎಂದು ನಕ್ಕಳು. ಆಮೇಲೆ ಇವಳನ್ನು ಮೇಲಿಂದ ಕೆಳಗೆ ನೋಡಿದಳು.

"ನೀನೇ ಏನವ್ವ, ನಮ್ ಬೊಮ್ಮ ಯೋಳೋ ಗಿಡದ್ ಹುಡ್ಗಿ?"

ಅವಳು ಕೆಂಚಿ, ಚಿಕ್ಕಬೊಮ್ಮನ ತಾಯಿ. ಅವನು ಮನೆಯಲ್ಲಿ ನನ್ನ ಮಾತು ಆಡುತ್ತಾನೆಯೇ! ಕೆಂಚಿ ಜೌಗಿನತ್ತ ಕೈ ತೋರಿಸಿ ಮತ್ತೆ ತನ್ನ ಕೆಲಸಕ್ಕೆ ಬಾಗಿದಳು.

ಚಿಕ್ಕಬೊಮ್ಮ ಅಲ್ಲಿ ಕೂತಿದ್ದ. ಇವಳನ್ನು ಕಂಡು ಎದ್ದವನು, "ಅಲ್ಲೇ ನಿಂತ್ಕಳಿ. ಕಾಲ ಕೆಳಗೆ ನೋಡಿ" ಎಂದ.

ನೋಡಿದಳು.

ನೆಲವೆಲ್ಲ ಕೆಂಪಾಗಿತ್ತು. ಒಂದಲ್ಲ, ಹತ್ತಲ್ಲ... ಜೌಗಿನ ಅಂಚಿನುದ್ದಕ್ಕೂ ಆ ಪುಟ್ಟ ಗಿಡಗಳೇ! ಸಾವಿರ ಸಾವಿರ ಹನಿಗಳಲ್ಲಿ ನಡುಹಗಲಿನ ಬಿಸಿಲು ಹೊಳೆಯುತ್ತಿತ್ತು. ಅವಳು ಉಸಿರು ಹಿಡಿದು ಮೆಲ್ಲಗೆ ಮಂಡಿಯೂರಿದಳು. ಒಂದು ವರ್ಷದ ಹಿಂದೆ ತನ್ನ ಚಾಕುವಿನ ತುದಿಯಲ್ಲಿ ಇದಿಷ್ಟೂ ಇತ್ತು.

"ಕಿತ್ತಿಲ್ಲ ಅಂತ ಅವತ್ತೇ ಯಾಕೆ ಹೇಳ್ಲಿಲ್ಲ?" ಎಂದಳು.

"ಯೋಳಿದ್ರೆ ಎಲ್ಲೈತೆ ಅಂತ ಕೇಳೋರು. ಇನ್ನಾರ್ ಜನ ಚಾಕು ಹಿಡ್ಕಂಡ್ ಬರೋರು. ಬೀಜ ಉದ್ರೋಗಂಟ ಬಾಯ್ ಮುಚ್ಕಂಡಿದ್ದೆ."

"ನಾನು ಲ್ಯಾಬಲ್ಲಿ ಅಂದ ಮಾತು..."

"ಕೇಳಿಸ್ತು. ನೋವಾಯ್ತು." ಅವನು ಗಿಡಗಳತ್ತ ನೋಡಿದ. "ಆದ್ರೆ ಗಿಡ ಅಲುಗ್ದಾಗ ನಿಮ್ ಕಣ್ಣಲ್ಲಿ ನೀರ್ ಬಂತು. ಅದ್ನೂ ನೋಡಿದ್ದೆ. ಹೆಸ್ರು ಬರೀವಾಗ ಅದೇ ನೆಪ್ಪಾಯ್ತು."

ಸರ್ವಮಂಗಳ ಅಳು ತಡೆಯಲಿಲ್ಲ. ತಪ್ಪಾಯಿತು ಎಂದಳು. ಕೋಟೆಗೆ ಕೆಲಸಕ್ಕಲ್ಲ, ನಿಮಗಾಗಿಯೇ ಬಂದೆ ಎಂದೂ ಹೇಳಿಬಿಟ್ಟಳು.

ಅವನು ಒಂದು ಹೆಜ್ಜೆ ಹತ್ತಿರ ಬಂದ. "ನಂಗೂ ನಿಮ್ ಮ್ಯಾಲೆ ಮನ್ಸೈತೆ. ಆದ್ರೆ ನಾನು ಹಾಡಿಯೋನು. ನಿಮ್ಮಪ್ಪಾರು ಒಪ್ತಾರಾ?"

"ಒಪ್ಪೋವರ್ಗೂ ಕಾಯ್ತೀನಿ. ಕಾಯೋದನ್ನ ನಿಮ್ಮಿಂದಲೇ ಕಲ್ತೆ."

ಅವಳು ಚೀಲದಿಂದ ಆ ಕೆಂಪು ಗೆರೆಯ ಹಾಳೆ ತೆಗೆದಳು. ತನ್ನ ಹೆಸರಿನ ಪಕ್ಕದಲ್ಲಿ ಅವನ ಹೆಸರನ್ನೂ ಬರೆದಳು. ಆಮೇಲೆ ಪೆನ್ಸಿಲನ್ನು ಮೇಲಿನ ಸಾಲಿಗೆ ತಂದಳು.

"ಇಲ್ಲಿ ಒಂದೇ ಗಿಡ ಅಂತಿದೆ. ಈಗ ಎಷ್ಟು ಅಂತ ಬರೀಲಿ?"

ಚಿಕ್ಕಬೊಮ್ಮ ಅವಳ ಪಕ್ಕದಲ್ಲೇ, ಗಿಡಗಳಿಗೆ ತಾಗದ ಹಾಗೆ ಜಾಗ ನೋಡಿಕೊಂಡು ಮಂಡಿಯೂರಿದ. ಬೆರಳು ನೀಡಿ ಎಣಿಸಲು ಶುರು ಮಾಡಿದ. ನಲವತ್ತು ದಾಟಿದ ಮೇಲೆ ನಿಲ್ಲಿಸಿ ಅವಳ ಮುಖ ನೋಡಿದ.

"ಇಬ್ರೂ ಎಣಿಸ್ತಾವ್ರೆ, ಇನ್ನೂ ಮುಗ್ದಿಲ್ಲ ಅಂತ ಬರೀರಿ."