ಹೋಟೆಲ್ ಗೋಡೆಯ ಗುರುಗಳು

ಸೋಮವಾರ ಬೆಳಿಗ್ಗೆ ಠಾಣೆಯ ಅಂಗಳ ಗುಡಿಸುತ್ತಿರುವಾಗಲೇ ಔಷಧಿ ಅಂಗಡಿಯ ಯಜಮಾನರು ಬಂದು ನಿಂತಿದ್ದರು. ಕಂಕುಳಲ್ಲಿ ಬಟ್ಟೆ ಸುತ್ತಿದ ಫ್ರೇಮು.

"ಕಳ್ಳತನ ಆಗಿದೆ ಸಾರ್."

ಇನ್‌ಸ್ಪೆಕ್ಟರ್ ಬಟ್ಟೆ ಬಿಚ್ಚಿಸಿದರು. ಧರ್ಮಗುರುವೊಬ್ಬರ ಭಾವಚಿತ್ರ ಫ್ರೇಮಿನೊಳಗೆ ಇದ್ದೇ ಇತ್ತು.

"ಇಲ್ಲೇ ಇದೆಯಲ್ಲ?"

"ಇದು ನಕಲು. ಅಸಲಿ ಚಿತ್ರ ಗುರುಗಳು ಯುವಕರಾಗಿದ್ದಾಗ ಸ್ಟುಡಿಯೋದಲ್ಲಿ ತೆಗೆಸಿದ್ದು. ಕೆನ್ನೆಗೆ, ಶಾಲಿಗೆ ಕೈಯಲ್ಲೇ ಬಣ್ಣ ಹಾಕಿದ್ದಾರೆ. ಅಂಥದ್ದು ಇನ್ನೊಂದಿಲ್ಲ. ಅಪ್ಪ ಉಯಿಲಿನಲ್ಲಿ ನನಗೆ ಬರೆದಿದ್ದು. ನಿನ್ನೆ ನಮ್ಮ ಮನೆಯ ವಾರದ ಪ್ರಾರ್ಥನಾ ಸಭೆಗೆ ಬಂದವರೊಬ್ಬರು ಹತ್ತಿರ ಹೋಗಿ ನೋಡಿ, 'ಇದು ಯಂತ್ರದ ಅಚ್ಚು' ಅಂದುಬಿಟ್ಟರು. ಎಲ್ಲರೆದುರು ಮಾನ ಹೋಯಿತು."

"ಅನುಮಾನ?"

"ಹೋದ ತಿಂಗಳು ಮನೆಗೆ ಬಣ್ಣ ಬಳಿದ ಪೇಂಟರ್ ಮೇಲೆ."

ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಯಜಮಾನರ ಮನೆಯಲ್ಲಿ, ನೆರೆಯವರಿಬ್ಬರ ಸಮಕ್ಷಮ ಪಂಚನಾಮೆ ನಡೆಯಿತು. ಹಜಾರದ ಗೋಡೆಯಲ್ಲಿ ಹಳೆಯ ಗುರುಗಳ ಚಿತ್ರಗಳು ಸಾಲಾಗಿದ್ದವು. ನಡುವಿನ ಮೊಳೆ ಖಾಲಿ. ಬೀಗ, ಕಿಟಕಿ ಯಾವುದಕ್ಕೂ ಪೆಟ್ಟಾಗಿಲ್ಲ. ಯಜಮಾನರ ಅಕ್ಕ ಎಲ್ಲರಿಗೂ ಕಾಫಿ ಕೊಟ್ಟು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು. ಮದುವೆಯಾಗದ ಹೆಂಗಸು. ತಮ್ಮನ ಹೆಂಡತಿ ತೀರಿಕೊಂಡ ಮೇಲೆ ಅವನ ಇಬ್ಬರು ಮಕ್ಕಳನ್ನೂ ಸಾಕಿ ಬೆಳೆಸಿದವರು.

ಠಾಣೆಯಲ್ಲಿ ಎಲ್ಲರೂ 'ನಶ್ಯ' ಎಂದು ಕರೆಯುವ ಹೆಡ್ ಕಾನ್‌ಸ್ಟೆಬಲ್ ಠಾಣೆಯಿಂದ ಜೊತೆಗೆ ತಂದಿದ್ದ ಫ್ರೇಮಿನ ಬೆನ್ನು ತಿರುಗಿಸಿ ನೋಡಿದ. ಕಂದು ಕಾಗದವನ್ನು ಅಂಚು ಮಡಚಿ, ಒಂದು ಗುಳ್ಳೆಯೂ ಏಳದಂತೆ ಅಂಟಿಸಲಾಗಿತ್ತು.

"ಕಳ್ಳ ಎತ್ತಿಕೊಂಡು ಹೋಗ್ತಾನೆ ಸಾರ್, ಬದಲಿಗೆ ಇನ್ನೊಂದು ತೂಗುಹಾಕಿ ಹೋಗಲ್ಲ," ಎಂದು ಮೆಲ್ಲಗೆ ಹೇಳಿದ. "ಇದು ನಾಳೆನೂ ಇದೇ ಮನೇಲಿ ಇರಬೇಕಾದೋರ ಕೆಲಸ."

ಪೇಂಟರ್ ಠಾಣೆಗೆ ಬಂದಾಗ ಅವನ ಮೊಣಕೈತನಕ ಸುಣ್ಣವಿತ್ತು.

"ಚಿತ್ರ ಇಳಿಸಿದ್ದು ಯಾರು?"

"ಆ ಅಮ್ಮನೇ. ನನಗೆ ಮುಟ್ಟೋಕೆ ಬಿಡಲಿಲ್ಲ."

"ವಾಪಸ್ ಹಾಕಿದ್ದು?"

"ಅವರೇ. ಒಂದನ್ನ ಮಾತ್ರ ಗಾಜು ಬದಲಾಯಿಸಬೇಕು ಅಂತ ಹೊರಗೆ ಒಯ್ದರು."

ನಶ್ಯ ಫ್ರೇಮ್ ಅಂಗಡಿಗಳನ್ನು ಸುತ್ತಿದ. ಮೂರನೆಯ ಅಂಗಡಿಯವನು ನಕಲನ್ನು ಗುರುತಿಸಿದ. "ಹೆಂಗಸೊಬ್ಬರು ಮಾಡಿಸಿದ್ದು. ಹಳೇ ಚಿತ್ರ ಯಾರು ತಗೋತಾರೆ ಅಂತಾನೂ ಕೇಳಿದ್ರು. ಅಸಲಿ ಬೇಕಾದ್ರೆ ಪೇಟೆ ಬೀದಿಯ ಹೊಸ ಹೋಟೆಲಲ್ಲಿ ನೋಡಿ. ಗೋಡೆ ಅಲಂಕಾರಕ್ಕೆ ಹಳೇ ಗುರುಗಳ ಚಿತ್ರ ಕೊಳ್ತಾರೆ. ಯಾವ ಧರ್ಮ ಆದ್ರೂ ಸರಿ, ಗಡ್ಡ ಉದ್ದ ಇರಬೇಕಷ್ಟೆ."

ಹೋಟೆಲಿನಲ್ಲಿ ಗುರುಗಳು ಕೈತೊಳೆಯುವ ಜಾಗದ ಪಕ್ಕ, ಇನ್ನಾರೋ ಇಬ್ಬರು ಧರ್ಮಗುರುಗಳ ನಡುವೆ ಕೂತಿದ್ದರು. ಮಹಜರು ಬರೆದು ಚಿತ್ರ ವಶಪಡಿಸಿಕೊಂಡರು. ಮ್ಯಾನೇಜರ್ ಹೇಳಿಕೆ ಕೊಟ್ಟ: "ಆ ಅಮ್ಮ ದುಡ್ಡೇ ಮುಟ್ಟಲಿಲ್ಲ. ಮನೆಗೆ ವಾಪಸ್ ಬರದಿದ್ದರೆ ಸಾಕು ಅಂದರು."

ಮಧ್ಯಾಹ್ನ ಅಕ್ಕನನ್ನು ಕರೆಸಲಾಯಿತು. ತಮ್ಮನೂ ಓಡಿಬಂದರು.

"ನೀವೇ ಕೊಟ್ಟಿರಾ ಅಮ್ಮ?"

"ಹೌದು."

ಯಜಮಾನರ ಮುಖ ಕಪ್ಪಿಟ್ಟಿತು. "ಅಕ್ಕಾ! ಉಂಡ ಮನೆಗೆ ಎರಡು ಬಗೆದೆಯಾ?"

"ನಾನು ಉಂಡಿದ್ದಕ್ಕಿಂತ ಬಡಿಸಿದ್ದೇ ಹೆಚ್ಚು ಕಣೋ," ಎಂದರು ಆಕೆ. ಆಮೇಲೆ ಇನ್‌ಸ್ಪೆಕ್ಟರ್ ಕಡೆ ತಿರುಗಿದರು. "ಇವನ ಮಕ್ಕಳು ಚಿಕ್ಕವರಿದ್ದಾಗ ಅಚ್ಚುಮನೆಯಲ್ಲಿ ಕೆಲಸ ಮಾಡ್ತಿದ್ದ ಒಬ್ಬರು ನನ್ನನ್ನು ಮದುವೆಗೆ ಕೇಳಿದ್ರು. ಇದೇ ಗುರುಗಳು ಏನಂತಾರೋ ಹಾಗೇ ಆಗಲಿ ಅಂತ ತಮ್ಮನನ್ನ ಕಳಿಸಿದೆ. 'ಬೇಡ ಅಂದ್ರು' ಅಂತ ಬಂದು ಹೇಳಿದ. ನಾನು ಮರುಮಾತಾಡಲಿಲ್ಲ. ಗುರುಗಳ ಕಾರು ಓಡಿಸ್ತಿದ್ದ ಮುದುಕರು ಈಚೆಗೆ ಮನೆಗೆ ಬಂದಿದ್ರು. 'ಗುರುಗಳು ಸಂತೋಷವಾಗಿ ಒಪ್ಪಿದ್ರಲ್ಲಮ್ಮ, ನೀವೇ ಯಾಕೆ ಒಲ್ಲೆ ಅಂದಿರಿ?' ಅಂತ ಕೇಳಿದ್ರು."

ಇನ್‌ಸ್ಪೆಕ್ಟರ್ ಯಜಮಾನರತ್ತ ನೋಡಿದರು. "ನಿಜವೇ?"

"ಎರಡು ಹಸುಗೂಸುಗಳು ಸಾರ್. ಒಂದಕ್ಕೆ ಇನ್ನೂ ಹಲ್ಲೂ ಬಂದಿರಲಿಲ್ಲ. ಇವಳು ಹೋಗಿಬಿಟ್ಟಿದ್ರೆ..."

"ಅದನ್ನ ನನ್ನ ಹತ್ರ ಹೇಳಬಹುದಿತ್ತು," ಎಂದರು ಅಕ್ಕ. "ನಾನಾಗೇ ಇರ್ತಿದ್ದೆನೇನೋ. ನೀನು ಕೇಳಲೇ ಇಲ್ಲ. ಗುರುಗಳ ಬಾಯಲ್ಲಿ ಸುಳ್ಳು ಹೇಳಿಸಿ, ಅದೇ ಚಿತ್ರದ ಕೆಳಗೆ ಕೂತು ವಾರವಾರ ಜನಕ್ಕೆ ಸತ್ಯದ ಮಾತು ಹೇಳಿದೆ. ನೋಡೋಕಾಗಲಿಲ್ಲ ನನಗೆ. ಸುಳ್ಳಿನ ಮೇಲೆ ನಕಲೇ ಇರಲಿ ಅಂತ ಬದಲಾಯಿಸಿದೆ."

ಯಜಮಾನರು ಮೇಜಿನ ಅಂಚು ಹಿಡಿದುಕೊಂಡರು. "ದೂರು ವಾಪಸ್ ತಗೋತೀನಿ ಸಾರ್."

"ಎಫ್‌ಐಆರ್ ಆಗಿದೆ. ಅದನ್ನ ನ್ಯಾಯಾಲಯದಲ್ಲಿ ಹೇಳಿ."

"ತಗೋಬೇಡ," ಎಂದರು ಅಕ್ಕ. "ಮಾಡಿದ್ದು ನಾನೇ ಅಂತ ಅಲ್ಲೂ ಹೇಳ್ತೀನಿ. ಯಾಕೆ ಅಂತಾನೂ ಹೇಳ್ತೀನಿ. ನೀನೂ ಕೂತು ಕೇಳು."

ಮಹಿಳಾ ಕಾನ್‌ಸ್ಟೆಬಲ್ ಕುರ್ಚಿ ತಂದು ಹಾಕಿದಳು. ಸಂಜೆ ನಾಲ್ಕಕ್ಕೆ ಬಂಧನ ದಾಖಲಾಯಿತು. ಅಪರಾಧದ ಹಿನ್ನೆಲೆ ಎಂಬಲ್ಲಿ ಇನ್‌ಸ್ಪೆಕ್ಟರ್, 'ಲಾಭಕ್ಕಲ್ಲ. ನಂಬಿಸಿ ಮೋಸ ಮಾಡಿದ ನೋವಿಗೆ' ಎಂದಷ್ಟೇ ಬರೆದರು.

"ಬಂಧನದ ವಿಷಯ ಯಾರಿಗೆ ತಿಳಿಸಬೇಕಮ್ಮ? ಒಬ್ಬರ ಹೆಸರು ಹೇಳಬೇಕು."

ಪಕ್ಕದಲ್ಲೇ ನಿಂತಿದ್ದ ತಮ್ಮನನ್ನು ಆಕೆ ನೋಡಲಿಲ್ಲ. ಅವನ ಮಗಳ ಹೆಸರನ್ನೂ ಫೋನ್ ನಂಬರನ್ನೂ ಹೇಳಿದರು.

"ಸಂಬಂಧ ಏನಂತ ಬರೆಯಲಿ?"

"ಮಗಳು."

ಇನ್‌ಸ್ಪೆಕ್ಟರ್ ಪೆನ್ನೆತ್ತಿ ಯಜಮಾನರ ಮುಖ ನೋಡಿದರು. ಅವರು ಕಣ್ಣು ತಗ್ಗಿಸಿದರು. ಇನ್‌ಸ್ಪೆಕ್ಟರ್ ಹಾಗೆಯೇ ಬರೆದುಕೊಂಡು ಫೋನ್ ಎತ್ತಿದರು.