ನೇರ ನೋಡಿ, ಡ್ರೈವರ್!

"ನೀವಾ...?!"

ಕಣ್ಣಾಸ್ಪತ್ರೆಯ ಕತ್ತಲೆ ಕೋಣೆಯ ಬಾಗಿಲು ತೆರೆದವಳೇ ಅವಳು ಜೋರಾಗಿ ಕೂಗಿಬಿಟ್ಟಳು. ಹೊರಗೆ ಬೆಂಚಿನ ಮೇಲೆ ತೂಕಡಿಸುತ್ತಿದ್ದ ನಾಲ್ಕು ಜನ ಒಟ್ಟಿಗೇ ಎಚ್ಚರಗೊಂಡರು.

ಎದುರಿಗೆ ನಿಂತಿದ್ದವನು ಇಪ್ಪತ್ತೇಳನೇ ನಂಬರ್ ಬಸ್ಸಿನ ಡ್ರೈವರ್. ಅವತ್ತು ಬೆಳಿಗ್ಗೆ ತಾನೇ ಅವಳು ಕೈ ಬೀಸುತ್ತಾ, ಚಪ್ಪಲಿ ಕಿತ್ತುಹೋಗುವ ಹಾಗೆ ಸ್ಟಾಪಿಗೆ ಓಡಿದ್ದಳು. ಈ ಮಹಾಶಯ ಕನ್ನಡಿಯಲ್ಲಿ ನೋಡಿಯೂ ಬಸ್ಸು ಬಿಟ್ಟುಕೊಂಡು ಹೋಗಿದ್ದ!

"ಕನ್ನಡಿಲಿ ನನ್ನ ನೋಡಿದ್ರಿ ತಾನೆ?"

"ನೋಡ್ದೆ ಮೇಡಂ. ಹಿಂದೆ ಆಂಬುಲೆನ್ಸ್ ಬರ್ತಿತ್ತು, ದಾರಿ ಬಿಡ್ಲೇಬೇಕಿತ್ತು. ನೀವು ಅದನ್ನ ನೋಡ್ಲಿಲ್ಲ."

ಇದ್ದರೂ ಇರಬಹುದು, ಅವಳು ನೋಡಿರಲಿಲ್ಲ. ಕೋಪ ಮಾತ್ರ ಮೂಗಿನ ತುದಿಯಿಂದ ಇಳಿಯಲಿಲ್ಲ.

"ಬನ್ನಿ, ಕೂತ್ಕೊಳ್ಳಿ. ಗಲ್ಲ ಇಲ್ಲಿ, ಹಣೆ ಅಲ್ಲಿ. ಅಲ್ಲಾಡಬೇಡಿ!"

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಚುಕ್ಕಿ ಎಂದೇ. ಬೆಳಿಗ್ಗೆಯಿಂದ ಸಂಜೆಯವರೆಗೆ "ಚುಕ್ಕಿ ಕಂಡ್ರೆ ಒತ್ತಿ, ಚುಕ್ಕಿ ಕಂಡ್ರೆ ಒತ್ತಿ" ಎಂದು ಹೇಳುವುದೇ ಅವಳ ಕೆಲಸ. ಕೋಣೆಯಲ್ಲಿ ದೊಡ್ಡ ಬಿಳಿ ಬೋಗುಣಿಯಂಥ ಯಂತ್ರ. ಒಂದು ಕಣ್ಣಿಗೆ ಪಟ್ಟಿ ಕಟ್ಟಿ, ಇನ್ನೊಂದರಲ್ಲಿ ನಡುವಿನ ಹಳದಿ ದೀಪವನ್ನೇ ನೋಡುತ್ತಿರಬೇಕು. ಸುತ್ತ ಎಲ್ಲೋ ಮಂಕಾಗಿ ಒಂದು ಚುಕ್ಕಿ ಮಿನುಗಿದರೆ ಬಟನ್ ಒತ್ತಬೇಕು. ಒತ್ತಿದರೆ 'ಬೀಪ್'. ಕಾಣದ ಜಾಗ ಕಾಗದದ ಮೇಲೆ ಕಪ್ಪಾಗಿ ಮೂಡುತ್ತದೆ.

ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ನೋವು ಕೊಡುವುದಿಲ್ಲ, ಸದ್ದು ಮಾಡುವುದಿಲ್ಲ. ನೋಟದ ಅಂಚಿನಿಂದ ಒಂದೊಂದೇ ಚೂರು ಕದಿಯುತ್ತದೆ. ಅದನ್ನು ಹಿಡಿಯುವ ಕೆಲಸ ಈ ಯಂತ್ರದ್ದು, ಮತ್ತು ಚುಕ್ಕಿಯದ್ದು.

"ಕಾಣದೆ ಸುಮ್ನೆ ಒತ್ತಬೇಡಿ. ಬೆಳಕಿಲ್ಲದೆ ಒತ್ತಿದ್ರೆ ಮಿಷನ್‌ಗೆ ಗೊತ್ತಾಗುತ್ತೆ, ಆಮೇಲೆ ನಿಮ್ಮನ್ನ ನಂಬಲ್ಲ."

"ಸುಳ್ಳು ಹೇಳಿ ಏನ್ ಮಾಡ್ಲಿ ಮೇಡಂ..." ಅವನ ದನಿ ಇಳಿಯಿತು. "ನಮ್ಮಪ್ಪಂಗೆ ಇದೇ ಕಾಯಿಲೆ. ಗೊತ್ತಾಗೋ ಹೊತ್ತಿಗೆ ಮುಗಿದುಹೋಗಿತ್ತು. ಇಪ್ಪತ್ತು ವರ್ಷ ಅಮ್ಮ ಕೈ ಹಿಡ್ಕೊಂಡು ಓಡಾಡಿಸಿದ್ರು."

ಚುಕ್ಕಿಯ ಕೋಪ ಅಲ್ಲೇ ಕರಗಿಹೋಯಿತು.

ಅವತ್ತಿನ ಫಲಿತಾಂಶದಲ್ಲಿ ಎಡಗಣ್ಣಿನ ಮೇಲ್ಭಾಗಕ್ಕೆ ಒಂದೇ ಒಂದು ಸಣ್ಣ ಕಪ್ಪು ಕಲೆ ಇತ್ತು. "ಆರಂಭ ಅಷ್ಟೆ. ದಿನಾ ಕಣ್ಣಿಗೆ ಔಷಧಿ ಹನಿ ಬಿಡು, ನಾಲ್ಕು ತಿಂಗಳಿಗೆ ಮತ್ತೆ ಬಾ. ಬಸ್ ಓಡಿಸೋಕೆ ತೊಂದರೆಯಿಲ್ಲ," ಎಂದರು ದೊಡ್ಡ ಡಾಕ್ಟರಮ್ಮ.

ಮರುದಿನ ಎಂಟೂ ಹತ್ತಕ್ಕೆ ಚುಕ್ಕಿ ಸ್ಟಾಪಿಗೆ ಬರುವಾಗ ಬಸ್ಸು ಬಾಗಿಲು ತೆರೆದುಕೊಂಡು ನಿಂತಿತ್ತು. ಅದರ ಮರುದಿನವೂ ನಿಂತಿತ್ತು!

ಹತ್ತುವಾಗ ಅವಳು ಗಂಭೀರವಾಗಿ, "ನೇರ ನೋಡಿ, ಡ್ರೈವರ್!" ಎನ್ನುವಳು.

"ಪಕ್ಕದಲ್ಲಿ ಬೆಳಕು ಕಂಡ್ರೆ ಏನ್ ಮಾಡ್ಲಿ ಮೇಡಂ?" ಎನ್ನುವನು ಅವನು, ರಸ್ತೆಯಿಂದ ಕಣ್ಣು ತೆಗೆಯದೆ.

ಅವಳು ಅವನ ಪಕ್ಕದ ಮುಂದಿನ ಸೀಟಿನಲ್ಲಿ ಕೂತು ಕಿಟಕಿಯ ಕಡೆ ತಿರುಗಿ ನಗು ಮುಚ್ಚಿಕೊಳ್ಳುವಳು. ಮನೆಯಲ್ಲಿ ಅತ್ತಿಗೆ ಸುಮ್ಮನಿರುವವಳೇ? "ಏನಮ್ಮಾ, ಅಲಾರಾಂ ಹೊಡೆಯೋಕೆ ಮುಂಚೆನೇ ಏಳ್ತಿದ್ದೀಯ! ಬಸ್ಸಿನ ಮೇಲೆ ಅಷ್ಟು ಪ್ರೀತಿನಾ?" ಎಂದು ಕಾಲೆಳೆಯುತ್ತಿದ್ದಳು.

*ಬಸ್ಸಿನ ಮೇಲಾ? ಇರಬಹುದು... ಬಸ್ಸಿನ ಒಳಗಿರೋರ ಮೇಲೂ ಇರಬಹುದು!*

ನಾಲ್ಕು ತಿಂಗಳು ಕಳೆದದ್ದೇ ತಿಳಿಯಲಿಲ್ಲ. ಅವನು ಮತ್ತೆ ಪರೀಕ್ಷೆಗೆ ಬಂದ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೂದಲು ನೀಟಾಗಿ ಬಾಚಿಕೊಂಡು.

ಬಲಗಣ್ಣು ಮುಗಿಯಿತು. ಎಡಗಣ್ಣಿಗೆ ಅವನ ದೃಷ್ಟಿಗೆ ತಕ್ಕ ಪವರಿನ ಗಾಜನ್ನು ಯಂತ್ರದ ಹಿಡಿಕೆಗೆ ಸಿಕ್ಕಿಸಿ, ಹಿಡಿಕೆಯನ್ನು ರೆಪ್ಪೆಯ ಹತ್ತಿರಕ್ಕೆ ತಳ್ಳಬೇಕು. ಅವಳ ಕೈ ಹಿಡಿಕೆಯ ಮೇಲಿತ್ತು. ಆಗಲೇ ಅವನು ಮೆಲ್ಲಗೆ ಹೇಳಿದ.

"ಟೆಸ್ಟ್ ಆದ್ಮೇಲೆ... ನಿಮಗೊಂದು ಮಾತು ಹೇಳೋದಿದೆ."

 ಅವಳ ಕೈ ಹಿಡಿಕೆಯನ್ನು ಬಿಟ್ಟು ತಾನಾಗಿಯೇ ಸೆರಗಿಗೆ ಹೋಯಿತು.

"ಸ... ಸರಿ. ನೇರ ನೋಡಿ," ಎಂದು ಯಂತ್ರ ಶುರು ಮಾಡಿಬಿಟ್ಟಳು.

ಆರು ನಿಮಿಷಕ್ಕೆ ಕಾಗದ ಹೊರಬಂತು. ಇಬ್ಬರೂ ಅದರ ಮೇಲೆ ಬಾಗಿದರು. ನಡುವೆ ಸ್ವಲ್ಪ ಬೆಳಕು. ಅದರ ಸುತ್ತ ದಪ್ಪನೆಯ ಕಪ್ಪು ಬಳೆ!

"ಕಪ್ಪು ಅಂದ್ರೆ... ಕಾಣ್ತಿಲ್ಲ ಅಂತ ತಾನೆ? ಅಪ್ಪನ ರಿಪೋರ್ಟೂ ಹೀಗೇ ಇತ್ತು."

"ಡಾಕ್ಟರ್ ರಜದಲ್ಲಿದ್ದಾರೆ. ಮುಂದಿನ ವಾರ ಬಂದು ಅವರೇ ಹೇಳ್ತಾರೆ... ನೀವು ಹೆದರಬೇಡಿ..." ಅವಳು ಕಾಗದವನ್ನು ಅವನ ಕೈಗಿಟ್ಟಳು. "ಏನೋ ಮಾತು ಹೇಳ್ಬೇಕು ಅಂದ್ರಲ್ಲ?"

ಅವನು ಕಾಗದವನ್ನು ಮಡಚಿ ಜೇಬಿಗಿಟ್ಟ.

"ಏನೂ ಇಲ್ಲ. ಮರೆತುಹೋಯ್ತು."

ಮರುದಿನ ಸ್ಟಾಪಿನಲ್ಲಿ ಇಪ್ಪತ್ತೇಳನೇ ನಂಬರ್ ಬಂತು. ಡ್ರೈವರ್ ಸೀಟಿನಲ್ಲಿ ಬೇರೆ ಯಾರೋ! ಎರಡನೇ ದಿನವೂ ಬೇರೆಯವರೇ. ಅವಳು ಆಸ್ಪತ್ರೆಯ ದಾಖಲೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ಅವನು ಎತ್ತಲಿಲ್ಲ.

*ಹೇಳೋ ಮಾತು ಇನ್ನೇನೋ ಇತ್ತೇನೋ. ನಾನೇ ಹುಚ್ಚಿ, ಏನೇನೋ ಅಂದ್ಕೊಂಡೆ...* ಎಂದು ಸಂಜೆ ಪಾತ್ರೆ ತೊಳೆಯುವಾಗ ಅವಳು ಬಿಕ್ಕಿದಳು. ಅತ್ತಿಗೆ ಅವತ್ತು ಕಾಲೆಳೆಯಲಿಲ್ಲ, ಸುಮ್ಮನೆ ಪಕ್ಕ ನಿಂತು ಪಾತ್ರೆ ಒರೆಸಿಕೊಟ್ಟಳು.

ಎಂಟನೇ ದಿನ ಒಬ್ಬ ಅಜ್ಜಿ ಪರೀಕ್ಷೆಗೆ ಬಂದರು. ಮಂಕಾಗಿದ್ದ ಚುಕ್ಕಿ ಗಾಜು ಸಿಕ್ಕಿಸಿದಳು, ಯಂತ್ರ ಶುರು ಮಾಡಿದಳು.

"ಏ ಮಗಾ, ಈ ಗಾಜಿನ ಅಂಚು ಸುತ್ತಲೂ ಅಡ್ಡ ಬರ್ತಿದೆಯಲ್ಲೇ! ನಾನು ಚುಕ್ಕಿ ನೋಡ್ಲೋ, ಅಂಚು ನೋಡ್ಲೋ?"

"ಅಯ್ಯೋ, ಹಿಡಿಕೆ ದೂರ ಇದೆ ಅಜ್ಜಿ, ಒಂದ್ನಿಮಿಷ..." ಎಂದು ತಳ್ಳಲು ಹೋದ ಕೈ ಗಾಳಿಯಲ್ಲೇ ನಿಂತಿತು.

ಹಿಡಿಕೆ... ದೂರ... ಅಂಚು... ಸುತ್ತಲೂ!

ಅಜ್ಜಿಯ ಪರೀಕ್ಷೆ ಸರಿಯಾಗಿ ಮುಗಿಸಿ ಕಳಿಸಿದವಳೇ ಅವನ ದಾಖಲೆ ತೆರೆದಳು. ಕಾಯಿಲೆ ಹೀಗೆ ಕೈವಾರ ಹಿಡಿದು ಗೆರೆ ಎಳೆಯುವುದಿಲ್ಲ. ಈ ಬಳೆ ಎಲ್ಲ ಕಡೆಯೂ ಒಂದೇ ದೂರದಲ್ಲಿ, ಕತ್ತರಿಸಿದ ಹಾಗೆ ಶುರುವಾಗಿತ್ತು. ಅದು ಅವನ ಕಣ್ಣಿನ ಕತ್ತಲೆಯಲ್ಲ, ಗಾಜಿನ ಅಂಚಿನ ನೆರಳು. ತಾನು ಸೆರಗಿಗೆ ಕೈ ಹಾಕಿದ ಆ ಒಂದು ಕ್ಷಣದ ನೆರಳು!

*ದೇವರೇ... ಇರಬಹುದು. ಆದರೆ ಅಲ್ಲದಿದ್ದರೆ?*

ಅವಳು ಆಗತಾನೇ ರಜ ಮುಗಿಸಿ ಬಂದಿದ್ದ ಡಾಕ್ಟರಮ್ಮನ ಮುಂದೆ ಹೋಗಿ ನಿಂತಳು. ಕೆಲಸ ಹೋದರೆ ಹೋಗಲಿ ಎಂದುಕೊಂಡೇ ಬಂದಿದ್ದಳು.

"ಮೇಡಂ, ತಪ್ಪು ನನ್ನದು. ನನ್ನ ಗಮನ ಬೇರೆ ಕಡೆ ಇತ್ತು."

ಡಾಕ್ಟರಮ್ಮ ಕನ್ನಡಕದ ಮೇಲಿಂದ ಕಾಗದ ನೋಡಿದರು, ಆಮೇಲೆ ಅವಳನ್ನು.

"ಒಬ್ಬನ ಅನ್ನದ ಪ್ರಶ್ನೆ ಇದು, ಗೊತ್ತಾ?" ಎಂದು ಗದರಿದರು. "ಬಂದು ಒಪ್ಕೊಂಡೆ, ಒಳ್ಳೇದಾಯ್ತು. ಹೋಗು, ಈಗಲೇ ಕರ್ಕೊಂಡು ಬಾ. ಟೆಸ್ಟ್ ನಾನು ಮಾಡ್ತೀನಿ. ನೀನು ಬಾಗಿಲ ಹೊರಗೆ!"

ಚುಕ್ಕಿ ಅವನು ಎಲ್ಲಿದ್ದಾನೆಂದು ವಿಚಾರಿಸಿಕೊಂಡು ಓಡಿದಳು.

ಅವನು ಬಸ್ ಡಿಪೋದ ಟೈರ್ ಸ್ಟೋರಿನಲ್ಲಿದ್ದ. ಅಂಗಿಯ ತುಂಬ ಮಸಿ, ಮುಖದಲ್ಲಿ ಎಂಟು ದಿನದ ಗಡ್ಡ.

"ನಲವತ್ತು ಜನ ನನ್ನ ಬೆನ್ನ ಹಿಂದೆ ಕೂತಿರ್ತಾರೆ ಮೇಡಂ. ಕಾಣದ ಕಣ್ಣಲ್ಲಿ ಹೇಗೆ ಓಡಿಸ್ಲಿ? ಕಾಯಂ ಇಲ್ಲೇ ಇರ್ತೀನಿ ಅಂತ ಅರ್ಜಿ ಬರ್ದಿದ್ದೀನಿ. ಸಂಜೆ ಕೊಡ್ಬೇಕು."

"ಕೊಡಬೇಡಿ! ತಪ್ಪಾಗಿರೋದು ನಿಮ್ಮ ಕಣ್ಣಲ್ಲಿ ಅಲ್ಲ, ನನ್ನ ಕೈಯಲ್ಲಿ." ಅವಳು ಏದುಸಿರಲ್ಲೇ ಎಲ್ಲವನ್ನೂ ಹೇಳಿದಳು.

ಅವನ ಮುಖ ಕೆಂಪಾಯಿತು. "ಎಂಟು ದಿನ! ಎಂಟು ದಿನ ನಾನು ಕಣ್ಮುಚ್ಚಿ ಮನೆಯೊಳಗೆ ನಡೆದು ಅಭ್ಯಾಸ ಮಾಡ್ತಿದ್ದೆ, ಗೊತ್ತಾ ನಿಮಗೆ?"

ಅವಳ ಕಣ್ಣು ತುಂಬಿಬಂತು. "ಬೈಯಿರಿ. ಎಷ್ಟು ಬೇಕಾದ್ರೂ ಬೈಯಿರಿ. ಆದ್ರೆ ಟೆಸ್ಟ್ ಆದ್ಮೇಲೆ!"

ಆಸ್ಪತ್ರೆಯ ಕತ್ತಲೆ ಕೋಣೆಯ ಬಾಗಿಲು ಮುಚ್ಚಿತು, ಒಳಗೆ ಡಾಕ್ಟರಮ್ಮ ಮತ್ತು ಅವನು. ಚುಕ್ಕಿ ಹೊರಗೆ ಗೋಡೆಗೆ ಕಿವಿ ಆನಿಸಿ ನಿಂತಳು.

ಬೀಪ್. ಬೀಪ್... ಬೀಪ್.

ಆರು ವರ್ಷದಿಂದ ಕೇಳುತ್ತಿದ್ದ ಸದ್ದು. ಇವತ್ತು ಒಂದೊಂದು ಬೀಪಿಗೂ ಅವಳ ಜೀವ ಹೋಗಿ ಬರುತ್ತಿತ್ತು.

ಆಮೇಲೆ ಸದ್ದು ನಿಂತಿತು. ಒಂದು... ಎರಡು... ಮೂರು...

*ಒತ್ತಿ! ಒತ್ತಿ ದಯವಿಟ್ಟು!*

ಬೀಪ್! ಬೀಪ್. ಬೀಪ್. ಬೀಪ್!

ಡಾಕ್ಟರಮ್ಮ ಕಾಗದ ಹಿಡಿದು ಹೊರಬಂದರು. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ.

"ಬಳೆ ಇಲ್ಲ ಕಣೇ!"

ಚುಕ್ಕಿ ಕಾಗದವನ್ನು ಕಸಿದುಕೊಂಡು ನೋಡಿದಳು.

"ಆ ಹಳೇ ಸಣ್ಣ ಕಲೆ ಮಾತ್ರ ಇದೆ. ಅದೂ ಬೆಳೆದಿಲ್ಲ. ಹನಿ ಬಿಡ್ತಾ ಇರಲಿ, ಬಸ್ಸು ಓಡಿಸ್ತಾ ಇರಲಿ. ನಾಳೆಯಿಂದ ನೀನು ಪ್ರತಿ ಟೆಸ್ಟಿಗೂ ಹಿಡಿಕೆ ಎರಡು ಸಲ ನೋಡ್ಬೇಕು. ಈಗ ಒಳಗೆ ಹೋಗು, ನಿನ್ನ ಬೈಯೋಕೆ ಕಾಯ್ತಿದ್ದಾನೆ," ಎಂದು ಅವರು ನಗು ನುಂಗಿಕೊಂಡು ನಡೆದರು.

ಅವನು ಯಂತ್ರದ ಮುಂದೆಯೇ ಕೂತಿದ್ದ. ಕೈಯಲ್ಲಿ ಇನ್ನೂ ಬಟನ್. ಕೆನ್ನೆ ಒದ್ದೆಯಾಗಿತ್ತು.

"ಈಗ ಬೈಯಿರಿ," ಎಂದಳು.

"ಬೈಯೋದು ಮರೆತುಹೋಯ್ತು. ಅವತ್ತು ಮರೆತಿದ್ದು ನೆನಪಾಯ್ತು." ಅವನು ತಲೆ ತಗ್ಗಿಸಿದ. "ಆದ್ರೆ ಭಯ ಆಗುತ್ತೆ. ಮುಂದೆ ಒಂದಿನ ಆ ಬಳೆ ನಿಜವಾಗ್ಲೂ ಬಂದ್ರೆ? ಅಮ್ಮನ ಥರ ನೀವೂ..."

"ನಿಮ್ಮಮ್ಮನ್ನ ಕೇಳಿದ್ರಾ, ಆ ಕೈ ಭಾರ ಆಗಿತ್ತಾ ಅಂತ?"

"ಕೇಳ್ದೆ. ಸರಿಯಾಗಿ ಬೈಸಿಕೊಂಡೆ. 'ದಾರಿಯುದ್ದಕ್ಕೂ ನಗಿಸ್ತಿದ್ದದ್ದು ನಿಮ್ಮಪ್ಪನೇ ಕಣೋ. ಕೈ ಬಿಟ್ಟಿದ್ರೆ ನಾನು ಯಾರ ಜೊತೆ ನಗ್ಲಿ?' ಅಂದ್ರು."

ಚುಕ್ಕಿ ಕಣ್ಣೊರೆಸಿಕೊಂಡಳು. ಎಂಟು ದಿನ ಅತ್ತದ್ದು ಸಾಕಾಗಿತ್ತು ಅವಳಿಗೆ.

"ಬಂದ್ರೆ ಎಲ್ಲರಿಗಿಂತ ಮೊದಲು ನನಗೇ ಗೊತ್ತಾಗುತ್ತೆ. ಅದಕ್ಕೇ ಅಲ್ವಾ ನಾನಿರೋದು? ಈಗ ಗಲ್ಲ ಇಡಿ, ನೇರ ನೋಡಿ. ನಿಮ್ಮ ಬಾಯಿಂದ ಆ ಮಾತು ಬರೋ ಹೊತ್ತಿಗೆ ನನ್ನ ಕೂದಲು ಬೆಳ್ಳಗಾಗುತ್ತೆ. ನಾನೇ ಕೇಳ್ತೀನಿ, ಹೌದು ಅನ್ನಿಸಿದ್ರೆ ಒತ್ತಿ."

ಅವನು ವಿಧೇಯ ವಿದ್ಯಾರ್ಥಿಯ ಹಾಗೆ ಗಲ್ಲ ಇಟ್ಟ.

"ನನ್ನ... ಮದುವೆ ಆಗ್ತೀರಾ?"

ಬೀಪ್! ಬೀಪ್ ಬೀಪ್ ಬೀಪ್ ಬೀಪ್...

"ಸಾಕು, ಸಾಕು! ಬೆಳಕಿಲ್ಲದೆ ಇಷ್ಟು ಸಲ ಒತ್ತಿದ್ರೆ ಮಿಷನ್ ನಿಮ್ಮನ್ನ ನಂಬಲ್ಲ!"

"ಮಿಷನ್ ಬಿಡಿ. ನೀವು ನಂಬ್ತೀರಾ?"

ಅವಳು ಅವನ ಕೈಯಿಂದ ಬಟನ್ ತೆಗೆದಿಟ್ಟು, ಆ ಜಾಗದಲ್ಲಿ ತನ್ನ ಕೈ ಇಟ್ಟಳು.

"ನಾಳೆ ಎಂಟೂ ಹತ್ತಕ್ಕೆ ಸ್ಟಾಪಲ್ಲಿ ಇರ್ತೀನಿ. ಬಿಟ್ಟು ಹೋದ್ರೆ ನೋಡಿ ಮತ್ತೆ!"

"ಹಿಂದೆ ಆಂಬುಲೆನ್ಸ್ ಬಂದ್ರೆ?"

"ದಾರಿ ಬಿಡಿ," ಎಂದಳು ಚುಕ್ಕಿ. "ಆಮೇಲೆ ನಿಲ್ಲಿಸಿ. ನಾನು ಓಡಿ ಬರ್ತೀನಿ."