ಒಣಗಿದ್ದ ಮಡ್‌ಗಾರ್ಡ್

ಬಾಳೂರು ಏರಿನ ಎರಡನೇ ತಿರುವಿನಲ್ಲಿ ಲಕ್ಕಯ್ಯ ಬಿದ್ದಿದ್ದ. ತಲೆ ಒಡೆದಿತ್ತು. ಉಸಿರಿತ್ತು. ಪಕ್ಕದಲ್ಲೇ ಅವನ ಹಳೆಯ ಬೈಕು ಮಗ್ಗುಲಾಗಿತ್ತು, ಹಿಂದಿನ ಟೈರಿನ ಮೇಲೆ ಕಪ್ಪು ಆಯಿಲ್. ಬೆಳಿಗ್ಗೆ ಹತ್ತರ ಹೊತ್ತಿಗೆ ಆ ದಾರಿಯಲ್ಲಿ ಬಂದ ಪ್ರವಾಸಿ ಜೀಪಿನವರು ಅವನನ್ನು ಎತ್ತಿ ಆಸ್ಪತ್ರೆಗೆ ಸಾಗಿಸಿದರು.

ಲಕ್ಕಯ್ಯ ಕಾಫಿ ತೋಟದ ಆಳು. ತೋಟದ ಆಳುಗಳಿರುವ ಲೈನ್ ಮನೆಗಳಿಗೆ ಒಂದು ತಿಂಗಳಿಂದ ನೀರಿರಲಿಲ್ಲ. ಮನೆಮನೆಯವರ ಸಹಿ ಹಾಕಿಸಿದ ಅರ್ಜಿಯನ್ನು ಕಳಸದ ತಹಶೀಲ್ದಾರರಿಗೆ ಕೊಡಲು ಹೊರಟಿದ್ದ. ಅರ್ಜಿಯಿದ್ದ ಚೀಲ ಸಿಗಲಿಲ್ಲ.

ಸಬ್ ಇನ್‌ಸ್ಪೆಕ್ಟರ್ ಮೋಹಿತ್‌ಗೆ ಇದು ಬರೀ ಅಪಘಾತ. ಎಂಜಿನ್ ಆಯಿಲ್ ಸೋರಿ ಟೈರು ಜಾರಿದೆ, ಅಷ್ಟೆ. ಮೂರು ದಿನದ ಹಿಂದೆ ಆ ಬೈಕಿಗೆ ಆಯಿಲ್ ಸೋರದಂತೆ ಹೊಸ ಆಯಿಲ್ ಸೀಲ್ ಹಾಕಿದ್ದವಳು ಗ್ಯಾರೇಜಿನ ರೇವತಿ. ಅವಳಿಗೆ ಠಾಣೆಯಿಂದ ಕರೆ ಹೋಯಿತು.

"ಕೆಲಸ ಸರಿಯಾಗಿ ಮಾಡ್ಲಿಲ್ಲ ಅಂತ ಒಪ್ಕೊಂಡು ಬಿಡಮ್ಮ. ಕೇಸು ಸಣ್ಣದಾಗುತ್ತೆ," ಎಂದ ಮೋಹಿತ್.

"ಬೈಕ್ ನೋಡ್ದೆ ಏನೂ ಒಪ್ಪಲ್ಲ ಸರ್."

*

ಬೈಕು ಠಾಣೆಯ ಹಿಂದೆ ನಿಂತಿತ್ತು. ರೇವತಿ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಸೀಲ್ ಓರೆಯಾಗಿ ಕೂತಿತ್ತೇ? ತನ್ನ ತಪ್ಪಿನಿಂದಲೇ ಲಕ್ಕಯ್ಯ ಹಾಗೆ ಮಲಗಿದ್ದಾನೆಯೇ? ಮೊದಲು ಸೀಲನ್ನೇ ಬೆರಳಿನಿಂದ ಒರೆಸಿ ನೋಡಿದಳು. ಒಣಗಿತ್ತು.

ಮಡ್‌ಗಾರ್ಡಿನ ಒಳಗೆ ಕೈ ಹಾಕಿದಳು. ಅಲ್ಲೂ ಬರೀ ಕೆಂಪು ಧೂಳು. ಆಯಿಲ್ ಇದ್ದದ್ದು ಟೈರಿನ ಒಂದೇ ಮಗ್ಗುಲಲ್ಲಿ, ಬಿದ್ದಾಗ ಮೇಲಾಗಿದ್ದ ಮಗ್ಗುಲಲ್ಲಿ. ಎಂಜಿನ್ನಿನ ಆಯಿಲ್ ಅಳೆಯುವ ಕಡ್ಡಿ ಎಳೆದಳು. ಗೆರೆಯವರೆಗೂ ಇತ್ತು, ಒಂದು ತೊಟ್ಟೂ ಕಡಿಮೆಯಾಗಿರಲಿಲ್ಲ. ಆದರೆ ಅದರಲ್ಲಿ ಕ್ಲಚ್ ಪ್ಲೇಟು ಸುಟ್ಟ ವಾಸನೆ.

ಕ್ಲಚ್ ಲಿವರ್ ಹಿಡಿದಳು. ಅವಳು ಬಿಟ್ಟಿದ್ದ ಸಡಿಲ ಇರಲೇ ಇಲ್ಲ, ಕೇಬಲ್ ತಂತಿಯಂತೆ ಬಿಗಿದಿತ್ತು. ಅದರ ನಟ್ಟಿನ ಮೇಲೆ ಕಟಿಂಗ್ ಪ್ಲೇಯರ್ ಕಚ್ಚಿದ ಹಲ್ಲಿನ ಗುರುತು. ರೇವತಿ ಆ ನಟ್ಟಿಗೆ ಸ್ಪ್ಯಾನರ್ ಬಿಟ್ಟು ಬೇರೇನೂ ಹಾಕಿದವಳಲ್ಲ.

ಅವಳು ಯಾರಿಗೂ ಏನೂ ಹೇಳದೆ ಒಳಗೆ ಬಂದಳು.

*

ಒಳಗೆ ತೋಟದ ಲೆಕ್ಕ ಬರೆಯುವ ರೈಟರ್ ಜಯಪ್ರಕಾಶ್ ಕೂತಿದ್ದ. ಗ್ಯಾರೇಜು ಮುಚ್ಚಿಸಬೇಕೆಂದು ದೂರು ಬರೆದುಕೊಂಡು ಬಂದಿದ್ದ. ಲಕ್ಕಯ್ಯನ ಹೆಂಡತಿ ಭಾಗಮ್ಮ ಗೋಡೆಗೆ ಒರಗಿ ನಿಂತಿದ್ದಳು.

"ಆಯಿಲ್ ಸೋರ್ಸಿ, ಕ್ಲಚ್ ಸುಟ್ಟು, ಒಂದು ಜೀವ ತೆಗೀತಿದ್ಲು. ಹೆಂಗಸ್ರ ಕೈಗೆ ಸ್ಪ್ಯಾನರ್ ಕೊಟ್ರೆ ಇನ್ನೇನಾಗುತ್ತೆ ಸರ್," ಎಂದ ಜಯಪ್ರಕಾಶ್.

ರೇವತಿ ಅವನ ಎದುರಿಗೇ ಹೋಗಿ ನಿಂತಳು.

"ಕ್ಲಚ್ ಸುಟ್ಟಿದ್ದು ನಿಮ್ಗೆ ಯಾರು ಹೇಳಿದ್ದು ರೈಟರೇ?"

ಮೋಹಿತ್ ತಾನೇ ಬರೆದ ವರದಿ ತಿರುವಿ ನೋಡಿದ. ಕ್ಲಚ್ ಎಂಬ ಪದವೇ ಅದರಲ್ಲಿರಲಿಲ್ಲ. ಲಕ್ಕಯ್ಯನಿಗೆ ಇನ್ನೂ ಎಚ್ಚರವಾಗಿರಲಿಲ್ಲ.

ರೇವತಿ ಒಂದೊಂದಾಗಿ ಬಿಡಿಸಿ ಹೇಳಿದಳು. ಓಡುವ ಬೈಕಿನಲ್ಲಿ ಆಯಿಲ್ ಸೋರಿದರೆ ಚಕ್ರ ಅದನ್ನು ಸುತ್ತಲೂ ಎರಚುತ್ತದೆ, ಮಡ್‌ಗಾರ್ಡ್ ಒಣಗಿರುವುದಿಲ್ಲ. ಎಂಜಿನ್ನಿನ ಆಯಿಲ್ ಅಲ್ಲೇ ಇದೆ. ಹಾಗಾಗಿ ಟೈರಿನದು ಹೊರಗಿನಿಂದ, ಬೈಕು ಬಿದ್ದ ಮೇಲೆ ಸುರಿದದ್ದು. ಕ್ಲಚ್ ಕೇಬಲ್ ಅಷ್ಟು ಬಿಗಿದರೆ ಸಪಾಟು ರಸ್ತೆಯಲ್ಲಿ ಬೈಕು ಹೇಗೋ ಓಡುತ್ತದೆ. ಏರಿನಲ್ಲಿ ಎಂಜಿನ್ ಬರೀ ಕೂಗುತ್ತದೆ, ಚಕ್ರ ಎಳೆಯುವುದಿಲ್ಲ, ಕ್ಲಚ್ ಸುಡುತ್ತದೆ. ಬಿಗಿದವನಿಗೆ ಲಕ್ಕಯ್ಯ ಎಲ್ಲಿ ನಿಲ್ಲುತ್ತಾನೆಂದು ಗೊತ್ತಿತ್ತು.

"ಇವತ್ತು ಬೆಳಿಗ್ಗೆ ಬೈಕ್ ಎಲ್ಲಿ ನಿಂತಿತ್ತು ಭಾಗಕ್ಕ?"

"ಆಫೀಸ್ ಮುಂದೆ. ಹಾಜರಿ ಕೂಗೋವಾಗ."

ಹಾಜರಿ ಕೂಗುವುದು ಮೇಸ್ತ್ರಿ. ಆಳುಗಳೆಲ್ಲ ಸಾಲಿನಲ್ಲಿ ನಿಂತಿರುವ ಆ ಹೊತ್ತಿನಲ್ಲಿ ಅಂಗಳದಲ್ಲಿ ಒಬ್ಬನೇ ಓಡಾಡುವವನು ರೈಟರ್.

ಮೋಹಿತ್ ಎದ್ದು ಹೊರಗೆ ನಿಂತಿದ್ದ ರೈಟರನ ಜೀಪು ತೆರೆಸಿದ. ಸೀಟಿನ ಕೆಳಗೆ ಅರ್ಧ ಖಾಲಿಯಾದ ಹಳೆ ಆಯಿಲ್ ಡಬ್ಬ, ಕಟಿಂಗ್ ಪ್ಲೇಯರ್. ಲೈನ್ ಮನೆಗಳ ನೀರಿನ ಪೈಪನ್ನು ತನ್ನ ಹೋಮ್‌ಸ್ಟೇಗೆ ತಿರುಗಿಸಿಕೊಂಡಿದ್ದು ಅರ್ಜಿಯಿಂದ ಹೊರಗೆ ಬರುತ್ತದೆಂದು ಹೆದರಿ, ಜೀಪಿನಲ್ಲಿ ಹಿಂಬಾಲಿಸಿ ಹೋಗಿ, ತಿರುವಿನಲ್ಲಿ ನಿಂತಿದ್ದ ಲಕ್ಕಯ್ಯನ ತಲೆಗೆ ತಾನೇ ಹೊಡೆದೆನೆಂದು ಜಯಪ್ರಕಾಶ್ ಒಪ್ಪಿಕೊಂಡ. ಅರ್ಜಿಯನ್ನು ಒಲೆಗೆ ಹಾಕಿದ್ದನಂತೆ.

ತಾನು ಹೇಳಿದ್ದು ತಪ್ಪಾಯಿತು, ಇನ್ನು ಮನೆಗೆ ಹೋಗಬಹುದು ಎಂದು ಮೋಹಿತ್ ರೇವತಿಗೆ ಹೇಳಿದ. ಅವಳು ಕದಲಲಿಲ್ಲ. ಸೀಲ್ ಸೋರಿಲ್ಲ ಎಂದು ಮೋಹಿತ್ ವರದಿಯಲ್ಲಿ ಬರೆದು, ಸಹಿ ಹಾಕಿದ ಮೇಲೆಯೇ ಬಾಗಿಲಿನ ಕಡೆ ತಿರುಗಿದಳು.

ಭಾಗಮ್ಮ ಮೇಜಿನ ಮೇಲಿದ್ದ ಬಿಳಿ ಹಾಳೆಯೊಂದನ್ನು ಎಳೆದುಕೊಂಡು ರೇವತಿಯ ಮುಂದಿಟ್ಟಳು.

"ನೀರಿನ ಅರ್ಜಿ ಇನ್ನೊಂದು ಬರಿ ಮಾರಾಯ್ತಿ. ಈ ಸಲ ನನ್ ಹೆಸ್ರು ಮೊದ್ಲು ಹಾಕು."